ಕೊರೊನಾ ಅಲ್ಲದ ಕಾಯಿಲೆಗೆ ಕಲಬುರಗಿಯಲ್ಲಿ ಈಗ ಡಾಕ್ಟರ್ ಸಿಗುತ್ತಾರಾ? ಹೆಸರು ಹಚ್ಚುವುದು ಹೇಗೆ?

ಆಳಂದ ರಸ್ತೆ (ಮೇ 25, 2021)
ನಮಸ್ಕಾರ ರೀ ಎಲ್ಲರಿಗೂ. ನಮ್ಮ ಅವ್ವನಿಗೆ ಶುಗರ್ ಇದೆ, ಬಿಪಿ ಇದೆ. ಎಡಗಾಲಿನ ಹೆಬ್ಬೆರಳ ಹತ್ತಿರ ಚಪ್ಪಲಿ ಕಡಿದು ಗಾಯ ಆಗಿದೆ. ಮಾಯುತ್ತಲೇ ಇಲ್ಲ. ಯಾವಾಗಲೂ ತೋರಿಸುವ ಡಾಕ್ಟರ್ ಕ್ಲಿನಿಕ್ ಬಾಗಿಲು ಹಾಕಿದೆ, ಅವರ ಮೊಬೈಲ್ ಸ್ವಿಚ್ ಆಫ್. ಬೇರೆ ಒಂದು ಖಾಸಗಿ ದವಾಖಾನೆಗೆ ಫೋನ್ ಹಚ್ಚಿದರೆ ಮೊದಲು ಆರ್‌ಟಿಪಿಸಿಆರ್ ರಿಪೋರ್ಟ್ ತನ್ನಿ ಅಂತಾರೆ. ಅವ್ವನಿಗೆ ಜ್ವರ ಇಲ್ಲ, ಕೆಮ್ಮಿಲ್ಲ, ಕಾಲು ತೋರಿಸಬೇಕು ಅಷ್ಟೇ. ಮತ್ತೊಂದು ಕಡೆ ವಾಟ್ಸಾಪ್ ನಂಬರ್ ಕೊಟ್ಟರು. ಮೆಸೇಜ್ ಹಾಕಿದೆ, ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

ಅವ್ವನ್ನ ಆಟೋದಲ್ಲಿ ಕೂರಿಸಿಕೊಂಡು ನೇರ ಹೋಗೋಣ ಅಂದರೆ ದಾರಿಯಲ್ಲಿ ಪೊಲೀಸರು ಡಾಕ್ಟರ್ ಚೀಟಿ ಎಲ್ಲಿ ಅಂತ ಕೇಳುತ್ತಾರೆ. ಚೀಟಿ ಇದ್ದಿದ್ದರೆ ನಾನು ಯಾಕೆ ಅಲೆಯುತ್ತಿದ್ದೆ? ಯಾರಿಗಾದರೂ ದಾರಿ ಗೊತ್ತಿದ್ದರೆ ಹೇಳಿ.

ಬಿಸಿಲೂರು
ದಾರಿ ಇಲ್ಲ ಅಕ್ಕಾ. ಈಗ ಕೊರೊನಾ ಬಂದವರಿಗೆ ಹಾಸಿಗೆ ಇಲ್ಲ, ಬರದವರಿಗೆ ಡಾಕ್ಟರ್ ಇಲ್ಲ. ಅರ್ಧಕ್ಕರ್ಧ ಕ್ಲಿನಿಕ್ ಬಂದ್. ರೊಕ್ಕ ಎಣಿಸುವಾಗ ಎಲ್ಲರೂ ಇದ್ದರು, ಈಗ ಒಬ್ಬರೂ ಇಲ್ಲ.

ಜೋಳದ ರೊಟ್ಟಿ
ನೀಲಿ ಗೆರೆಯಾದರೂ ಬಂತಲ್ಲ ಅಕ್ಕಾ, ನನಗೆ ಎರಡು ಬೂದು ಗೆರೆ ಬಿಟ್ಟು ಮುಂದೆ ಹೋಗಿಲ್ಲ.

ಡ್ಯೂಟಿ ರೂಮ್
ಆಳಂದ ರಸ್ತೆ ಅಕ್ಕಾ, ಮೊದಲು ಇದಕ್ಕೆ ಉತ್ತರ ಹೇಳಿ. ಗಾಯದ ಸುತ್ತ ಚರ್ಮ ಕಪ್ಪಾಗಿದೆಯಾ? ವಾಸನೆ ಬರುತ್ತಿದೆಯಾ? ಪಾದ ಬಾತಿದೆಯಾ, ಕೆಂಪು ಮೇಲಕ್ಕೆ ಹರಡುತ್ತಿದೆಯಾ? ಚಳಿ ಜ್ವರ? ಇದರಲ್ಲಿ ಒಂದು ಇದ್ದರೂ ಹೆಸರು ಹಚ್ಚುವುದು ಮರೆತುಬಿಡಿ, ಈಗಲೇ ಕ್ಯಾಜುವಾಲ್ಟಿಗೆ ಕರೆದುಕೊಂಡು ಹೋಗಿ. ದೊಡ್ಡ ಸರ್ಕಾರಿ ದವಾಖಾನೆಯ ಕ್ಯಾಜುವಾಲ್ಟಿ ರಾತ್ರಿಯೂ ತೆರೆದಿರುತ್ತದೆ. ಗಾಡಿ ಇಲ್ಲದಿದ್ದರೆ 108.

ಅಲ್ಲಿಯವರೆಗೆ ಕಾಲನ್ನು ಬಿಸಿನೀರಿನಲ್ಲಿ ಇಡಬೇಡಿ. ಶುಗರ್ ಇರುವವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆ ಇರುತ್ತದೆ, ಸುಟ್ಟರೂ ಗೊತ್ತಾಗುವುದಿಲ್ಲ. ಅರಿಶಿನ, ಸುಣ್ಣ, ಬೂದಿ ಏನೂ ಹಚ್ಚಬೇಡಿ. ಸ್ವಚ್ಛ ನೀರಲ್ಲಿ ತೊಳೆದು ಒಣ ಬ್ಯಾಂಡೇಜ್ ಕಟ್ಟಿ. ಬರಿಗಾಲಲ್ಲಿ ಓಡಾಡಿಸಬೇಡಿ. ಮನೆಯಲ್ಲಿ ಶುಗರ್ ನೋಡುವ ಮಷಿನ್ ಇದ್ದರೆ ಇವತ್ತೇ ನೋಡಿ.

ಆಳಂದ ರಸ್ತೆ
ಕಪ್ಪಾಗಿಲ್ಲ, ಜ್ವರ ಇಲ್ಲ. ಸ್ವಲ್ಪ ಕೀವು ಇದೆ. ಬಾವು ಬೆರಳಿಗಷ್ಟೇ. ಶುಗರ್ ಊಟಕ್ಕೆ ಮುಂಚೆ ನೋಡಿದರೆ 240 ತೋರಿಸಿತು.

ಡ್ಯೂಟಿ ರೂಮ್
240 ಜಾಸ್ತಿ ಆಯ್ತು. ಆ ಶುಗರ್‌ನಲ್ಲಿ ಗಾಯ ಮಾಯುವುದು ಕಷ್ಟ. ಇವತ್ತೇ ಓಡಬೇಕು ಅಂತಿಲ್ಲ, ಆದರೆ ವಾರ ಕಾಯುವ ಮಾತೂ ಇಲ್ಲ. ಒಂದೆರಡು ದಿನದಲ್ಲಿ ಯಾರಾದರೂ ಕಣ್ಣಿಂದ ನೋಡಲೇಬೇಕು. ಕಾಲು ಸ್ವಲ್ಪ ಬದಲಾದರೂ ನೇರ ಕ್ಯಾಜುವಾಲ್ಟಿ.

ಬಿಸಿಲೂರು
ಯಾರಾದರೂ ಅಂದರೆ ಯಾರು ಸರ್? ಅದೇ ಅಲ್ವಾ ಅಕ್ಕ ಕೇಳುತ್ತಿರುವುದು.

ಕರಿಕೋಟು
ರಿಪೋರ್ಟ್ ಇಲ್ಲದೆ ನೋಡುವುದಿಲ್ಲ ಅನ್ನುವ ಹಾಗೇ ಇಲ್ಲ. ಇದೇ ಮೇ 8ಕ್ಕೆ ಕೇಂದ್ರ ಆರೋಗ್ಯ ಇಲಾಖೆ ಹೊಸ ನಿಯಮ ತಂದಿದೆ. ಪಾಸಿಟಿವ್ ರಿಪೋರ್ಟ್ ಇಲ್ಲ ಅಂತ ಯಾರನ್ನೂ ವಾಪಸ್ ಕಳಿಸಬಾರದು, ಬೇರೆ ಊರಿನವರು ಅಂತಲೂ ಕಳಿಸಬಾರದು. ಅವರ ಮುಖಕ್ಕೆ ಅದನ್ನು ತೋರಿಸಿ.

ಡ್ಯೂಟಿ ರೂಮ್
ಕರಿಕೋಟು ಸರ್, ಆ ನಿಯಮ ಕೊರೊನಾ ಇರಬಹುದು ಅಂತ ಸಂಶಯ ಇರುವವರನ್ನು ಕೊರೊನಾ ವಾರ್ಡಿಗೆ ಸೇರಿಸುವುದಕ್ಕೆ. ಇಲ್ಲಿ ಕೇಳುತ್ತಿರುವುದು ನೆಗೆಟಿವ್ ರಿಪೋರ್ಟ್. ಕಾಲಿನ ಗಾಯ ತೋರಿಸಲು ಬಂದ ಶುಗರ್ ಪೇಷಂಟಿಗೆ ಆ ಕಾಗದ ಹಿಡಿದು ಜಗಳ ಮಾಡಿದರೆ ಅವರು ನಗುತ್ತಾರೆ.

ಕರಿಕೋಟು
ಆ ಮಾತು ಸರಿ. ಆದರೆ ತುರ್ತು ಚಿಕಿತ್ಸೆಗೆ ಯಾವ ಕಾಗದವೂ ಅಡ್ಡ ಬರಬಾರದು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಸರ್ಕಾರಿಯೋ ಖಾಸಗಿಯೋ, ಜೀವ ಉಳಿಸುವುದು ಡಾಕ್ಟರ್ ಕರ್ತವ್ಯ. ಅಕ್ಕನ ಅವ್ವನ ಕಾಲು ಕೆಟ್ಟರೆ ಅದು ತುರ್ತೇ ಆಗುತ್ತದೆ.

ಬಿಸಿಲೂರು
ಕೋರ್ಟ್ ದೆಹಲಿಯಲ್ಲಿದೆ, ಗೇಟ್ ಹತ್ತಿರ ನಿಂತವನು ಸೆಕ್ಯೂರಿಟಿ ಗಾರ್ಡ್.

ಹಳೇ ಕಂಪೌಂಡರ್
ನಾನು ಇದೇ ಊರಲ್ಲಿ ಒಬ್ಬ ಫಿಜಿಷಿಯನ್ ಹತ್ತಿರ ವರ್ಷಾನುಗಟ್ಟಲೆ ಕೆಲಸ ಮಾಡಿದವನು, ಈಗ ಬಿಟ್ಟಿದ್ದೇನೆ. ಹೇಳುವುದನ್ನು ಹೇಳುತ್ತೇನೆ, ಬೈಯುವವರು ಬೈಯಿರಿ.

ನಮ್ಮ ಕಡೆ ಅಪಾಯಿಂಟ್‌ಮೆಂಟ್ ಅನ್ನುವುದು ಯಾವತ್ತೂ ಇರಲಿಲ್ಲ. ಇದ್ದದ್ದು ಪಾಳಿ. ಮುಂಜಾನೆ ಐದಕ್ಕೆ ಬಾಗಿಲ ಮುಂದೆ ನೋಟ್‌ಬುಕ್ ಇಡುತ್ತಿದ್ದೆವು. ಊರಿನವರು ಬಂದು ಹೆಸರು ಬರೆದು ಮನೆಗೆ ಹೋಗಿ ಸ್ನಾನ, ನಾಷ್ಟಾ ಮುಗಿಸಿ ಬರುತ್ತಿದ್ದರು. ಚಿಂಚೋಳಿ, ಜೇವರ್ಗಿ, ಅಫಜಲಪುರದಿಂದ ಮೊದಲ ಬಸ್ಸಿಗೆ ಬಂದವರಿಗೆ ಸಿಗುತ್ತಿದ್ದದ್ದು ಮೂವತ್ತರ ಮೇಲಿನ ನಂಬರ್. ಡಾಕ್ಟರ್ ಬರುತ್ತಿದ್ದದ್ದು ಹನ್ನೊಂದಕ್ಕೆ. ನಡುವೆ ನಾಲ್ಕೈದು ಸಾಲು ಖಾಲಿ ಬಿಡುತ್ತಿದ್ದೆವು. ಅದು ಯಾರಿಗೆ ಅಂತ ಕೇಳಬೇಡಿ. ಎಲ್ಲರಿಗೂ ಗೊತ್ತು. ಆದರೆ ಒಂದು ಮಾತು. ಹಳ್ಳಿಯಿಂದ ಬಂದ ಮುದುಕಿ ಮಧ್ಯಾಹ್ನ ಮೂರಕ್ಕೆ ಆದರೂ ತೋರಿಸಿಕೊಂಡೇ ಹೋಗುತ್ತಿದ್ದಳು. ಕೂತಿದ್ದಾಳೆ, ಕಣ್ಣಿಗೆ ಕಾಣುತ್ತಾಳೆ, ಹೇಗೆ ಕಳಿಸುತ್ತೀರಿ?

ಈಗ ಆ ನೋಟ್‌ಬುಕ್ ಮೊಬೈಲ್ ಒಳಗೆ ಹೋಗಿ ಕೂತಿದೆ. ಒಳಗೆ ಜನ ಸೇರಿಸಬಾರದು. ಅರವತ್ತು ಎಪ್ಪತ್ತು ಜನರನ್ನು ನೋಡುತ್ತಿದ್ದ ಡಾಕ್ಟರ್ ಇಪ್ಪತ್ತಕ್ಕೆ ನಿಲ್ಲಿಸುತ್ತಾರೆ. ಹತ್ತಕ್ಕೆ ಫೋನ್ ತೆರೆದರೆ ಹತ್ತೂಕಾಲಿಗೆ ನಂಬರ್ ಮುಗಿದವು. ಖಾಲಿ ಸಾಲು ಮಾತ್ರ ಈಗಲೂ ನಾಲ್ಕೈದೇ, ಕಡಿಮೆ ಆಗಿಲ್ಲ. ಇಪ್ಪತ್ತರಲ್ಲಿ ಅದನ್ನು ಕಳೆಯಿರಿ. ಫೋನಿನ ಆ ಕಡೆ ಇರುವವರು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಇಲ್ಲ ಅನ್ನುವುದು ಸುಲಭ.

ಅಕ್ಕಾ, ಡಾಕ್ಟರ್ ನಂಬರಿಗೆ ಫೋನ್ ಮಾಡಬೇಡಿ. ಕ್ಲಿನಿಕ್ ಪಕ್ಕದ ಮೆಡಿಕಲ್ ಅಂಗಡಿಗೆ ಹೋಗಿ. ಆ ಅಂಗಡಿ ನಡೆಯುವುದೇ ಆ ಡಾಕ್ಟರ್ ಚೀಟಿ ಮೇಲೆ. ಅವರು ಬರುತ್ತಾರಾ ಇಲ್ಲವಾ, ಬಂದರೆ ಎಷ್ಟಕ್ಕೆ, ಬಾಗಿಲು ಹಾಕಿ ಒಳಗೆ ನೋಡುತ್ತಿದ್ದಾರಾ, ಎಲ್ಲಾ ಅವರಿಗೆ ಗೊತ್ತಿರುತ್ತದೆ. ಹಳೆ ಚೀಟಿ ಕೈಯಲ್ಲಿ ಇಟ್ಟುಕೊಂಡು ಹೋಗಿ. ಪೊಲೀಸರಿಗೂ ಅದನ್ನೇ ತೋರಿಸಿ, ಸಾಮಾನ್ಯವಾಗಿ ಬಿಡುತ್ತಾರೆ.

ಸಗರನಾಡು
ಕಂಪೌಂಡರ್ ಕಾಕಾ ಹೇಳಿದ್ದು ಶಹಾಪುರದಲ್ಲೂ ನೂರಕ್ಕೆ ನೂರು ಸತ್ಯ.

ಬಿಸಿಲೂರು
ಖಾಲಿ ಸಾಲಿಗೆ ಎಷ್ಟು ತೆಗೆದುಕೊಳ್ಳುತ್ತಿದ್ದಿರಿ ಕಾಕಾ?

ಹಳೇ ಕಂಪೌಂಡರ್
ಚಹಾ ಕುಡಿಸಿದವರುಂಟು, ಹಬ್ಬಕ್ಕೆ ತೊಗರಿಬೇಳೆ ತಂದುಕೊಟ್ಟವರುಂಟು. ರೊಕ್ಕ ಮುಟ್ಟಿಲ್ಲ ತಮ್ಮಾ. ನಂಬಿದರೆ ನಂಬು.

ಡ್ಯೂಟಿ ರೂಮ್
ಫೋನ್ ಸ್ವಿಚ್ ಆಫ್ ಯಾಕೆ ಅಂತಲೂ ಕೇಳಿ. ಏಪ್ರಿಲ್‌ನಿಂದ ಡಾಕ್ಟರ್ ಫೋನಿಗೆ ಬರುವ ಹತ್ತರಲ್ಲಿ ಎಂಟು ಕರೆ ಆಕ್ಸಿಜನ್ ಹಾಸಿಗೆಗೆ, ರೆಮ್‌ಡಿಸಿವಿರ್‌ಗೆ. ಅವರ ಕೈಯಲ್ಲಿ ಎರಡೂ ಇಲ್ಲ. ರಾತ್ರಿ ಎರಡಕ್ಕೆ ಯಾರೋ ಅಳುತ್ತಾ ಮಾತಾಡುತ್ತಾರೆ, ಇಲ್ಲ ಅಂತ ಹೇಳಬೇಕು. ಎಷ್ಟು ದಿನ ಹೇಳುತ್ತಾರೆ?

ಇನ್ನೊಂದು. ಈ ಊರಿನ ಸಣ್ಣ ಕ್ಲಿನಿಕ್‌ಗಳಲ್ಲಿ ಕೂರುವವರು ಬಹಳ ಜನ ಅರವತ್ತು ದಾಟಿದವರು, ಅವರಿಗೂ ಶುಗರ್ ಇದೆ, ಬಿಪಿ ಇದೆ. ಕಳೆದ ವರ್ಷ ಮಾರ್ಚ್ 10ಕ್ಕೆ ದೇಶದ ಮೊದಲ ಕೊರೊನಾ ಸಾವು ಆದದ್ದು ಕಲಬುರಗಿಯ 76 ವರ್ಷದ ಹಿರಿಯರದು. ಅವರನ್ನು ಮನೆಯಲ್ಲಿ ನೋಡಿದ್ದ 63 ವರ್ಷದ ಡಾಕ್ಟರಿಗೂ ಸೋಂಕು ತಗುಲಿತು. ಆಗ ಪಿಪಿಇ ಕಿಟ್ ಅಂದರೆ ಏನು ಅಂತ ಸಣ್ಣ ಕ್ಲಿನಿಕ್ಕಿನವರಿಗೆ ಗೊತ್ತೇ ಇರಲಿಲ್ಲ. ಬಾಗಿಲು ಹಾಕಿದವರೆಲ್ಲಾ ಓಡಿಹೋದವರಲ್ಲ.

ಬಿಸಿಲೂರು
ಒಪ್ಪುತ್ತೇನೆ ಸರ್, ಆದರೆ ಅದು ಕಳೆದ ವರ್ಷದ ಮಾತು. ಈ ವರ್ಷ ಡಾಕ್ಟರುಗಳಿಗೆ ಜನವರಿ 16ರಿಂದಲೇ ಲಸಿಕೆ ಕೊಟ್ಟರು, ನಮಗಿಂತ ಮೊದಲೇ. ಹಾಕಿಸಿಕೊಂಡ ಮೇಲೂ ಬಾಗಿಲು ಹಾಕಿದರೆ ಏನನ್ನಬೇಕು?

ಡ್ಯೂಟಿ ರೂಮ್
ಎರಡು ಡೋಸ್ ಹಾಕಿಸಿಕೊಂಡವರಿಗೂ ಬರುತ್ತಿದೆ ತಮ್ಮಾ. ನನಗೇ ಬಂದಿತ್ತು. ಈಗ ವಾರ್ಡಿಗೆ ಹೋಗಬೇಕು, ಜಗಳ ಸಂಜೆ ಮುಂದುವರಿಸೋಣ.

ಬಿದ್ರಿ ಕಲೆ
ಬೀದರಿನವರ ಕಥೆ ಕೇಳಿ. ನಮಗೆ ದೊಡ್ಡ ಡಾಕ್ಟರ್ ಅಂದರೆ ಹೈದರಾಬಾದ್. ಬೆಂಗಳೂರು ಕನಸಿನಲ್ಲೂ ಬರುವುದಿಲ್ಲ. ಅಪ್ಪನ ಹೃದಯದ ಚೆಕಪ್ ಅಲ್ಲೇ ಆಗಬೇಕು. ಈ ತಿಂಗಳು ತೆಲಂಗಾಣದವರು ಗಡಿಯಲ್ಲಿ ಹೊರರಾಜ್ಯದ ಆಂಬುಲೆನ್ಸ್‌ಗಳನ್ನೇ ತಡೆದರು. ಅಲ್ಲಿನ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟ ಮೇಲೆ ಸರಿಯಾಯಿತು ಅಂತ ಪೇಪರಿನಲ್ಲಿ ಓದಿದೆ. ಆದರೆ ಲಾಕ್‌ಡೌನ್ ಅಲ್ಲೂ ಇದೆ. ಚೆಕಪ್‌ಗೆ ಕಾರಿನಲ್ಲಿ ಹೋಗುವವನನ್ನು ಯಾರು ಬಿಡುತ್ತಾರೆ?

ತೊಗರಿ ಕಣಜ
ಕಲಬುರಗಿಯಲ್ಲಿ ಜಯದೇವದ ಶಾಖೆ ಇದೆಯಲ್ಲ, ಹೃದಯಕ್ಕೆ ಹೈದರಾಬಾದ್ ಯಾಕೆ?

ಬಿದ್ರಿ ಕಲೆ
ಸ್ಟೆಂಟ್ ಹಾಕಿದ ಡಾಕ್ಟರ್ ಅಲ್ಲಿದ್ದಾರೆ. ಅವರ ಫೈಲ್ ಅವರಿಗೇ ಅರ್ಥ ಆಗುವುದು.

ಜೋಳದ ರೊಟ್ಟಿ
ಕಲಬುರಗಿಗೆ 2019ರಲ್ಲಿ ವಿಮಾನ ಬಂತು. ಬೀದರಿಗೆ 2020ರಲ್ಲಿ ಬಂತು. ಕಾಲು ಗಾಯಕ್ಕೆ ಬೆಂಗಳೂರಿಗೆ ಹಾರಿ ಹೋಗಿ ಬರಬಹುದು ಅಕ್ಕಾ, ಕೆಳಗೆ ಮಾತ್ರ ಯಾರೂ ನೋಡುವುದಿಲ್ಲ.

ತೊಗರಿ ಕಣಜ
ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದು ಎಂಟು ವರ್ಷ ಆಯಿತು. ನಮ್ಮ ಭಾಗದ ಹುಡುಗರಿಗೆ ಮೆಡಿಕಲ್ ಸೀಟು ಸಿಗುತ್ತಿದೆ, ಖುಷಿ. ಓದಿ ಮುಗಿಸಿ ಎಷ್ಟು ಜನ ವಾಪಸ್ ಬರುತ್ತಾರೆ? ಎಲ್ಲರೂ ಬೆಂಗಳೂರು, ಇಲ್ಲದಿದ್ದರೆ ಹೈದರಾಬಾದ್.

ಸಗರನಾಡು
ಬರುವುದಕ್ಕೆ ಇಲ್ಲಿ ಏನಿದೆ ಅಂತಲೂ ಕೇಳಿ. ಯಾದಗಿರಿಗೆ ಈಗ ಮೆಡಿಕಲ್ ಕಾಲೇಜಿನ ಕಟ್ಟಡ ಏಳುತ್ತಿದೆ. ಅಲ್ಲಿಯವರೆಗೆ ಏನೇ ಆದರೂ ಕಲಬುರಗಿ, ರಾಯಚೂರು. ಬಸ್ ಬಂದ್ ಆದ ಮೇಲೆ ಅದೂ ಇಲ್ಲ.

ನಿರ್ವಾಹಕ
371ಜೆ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಬೈದಾಡಿ. ಇಲ್ಲಿ ಡಾಕ್ಟರ್ ಸಿಗುವ ವಿಷಯ ಮಾತ್ರ.

ಭೀಮಾ ತೀರ
ನಮ್ಮ ಹಳ್ಳಿಯಲ್ಲಿ ಯಾವ ಅಪಾಯಿಂಟ್‌ಮೆಂಟೂ ಬೇಡ. ಆರ್‌ಎಂಪಿ ಡಾಕ್ಟರ್, ಅಂದರೆ ಎಂಬಿಬಿಎಸ್ ಓದದ ಹಳ್ಳಿ ಡಾಕ್ಟರ್, ಬೈಕ್ ಮೇಲೆ ಮನೆಗೇ ಬರುತ್ತಾರೆ. ಒಂದು ಸೂಜಿ, ಒಂದು ಸಲೈನ್, ಇನ್ನೂರು ಮುನ್ನೂರು ರೂಪಾಯಿ. ಬೇವಿನ ಮರದ ಕೊಂಬೆಗೆ ಬಾಟಲಿ ಕಟ್ಟಿ ಮಲಗಿಸುತ್ತಾರೆ. ಪಟ್ಟಣದವರು ನಗುತ್ತೀರಿ, ಆದರೆ ಈ ಎರಡು ತಿಂಗಳಲ್ಲಿ ನಮ್ಮನ್ನು ಮುಟ್ಟಿ ನೋಡಿದವರು ಅವರೊಬ್ಬರೇ.

ಡ್ಯೂಟಿ ರೂಮ್
ನಗುವುದಿಲ್ಲ ಅಣ್ಣಾ. ಆದರೆ ಆ ಸೂಜಿಯಲ್ಲಿ ಏನಿದೆ ಅಂತ ಕೇಳಿ ನೋಡಿ. ಬಹಳ ಸಲ ಸ್ಟಿರಾಯ್ಡ್. ಹಾಕಿದ ತಾಸಿನಲ್ಲಿ ಜ್ವರ ಇಳಿದು ಹುಷಾರಾದ ಹಾಗೆ ಅನಿಸುತ್ತದೆ. ಶುಗರ್ ಮಾತ್ರ ಮುನ್ನೂರು ನಾನ್ನೂರಕ್ಕೆ ಏರುತ್ತದೆ. ಈಗ ಕಪ್ಪು ಶಿಲೀಂಧ್ರ ಅಂತ ಕೇಳುತ್ತಿದ್ದೀರಲ್ಲ, ಅದು ಜಾಸ್ತಿ ಬರುತ್ತಿರುವುದು ಕೊರೊನಾ ಆಗಿ, ಸ್ಟಿರಾಯ್ಡ್ ತೆಗೆದುಕೊಂಡು, ಶುಗರ್ ಏರಿದವರಿಗೇ. ಮುಖದ ಒಂದು ಕಡೆ ನೋವು ಅಥವಾ ಬಾವು, ಮೂಗಿನಿಂದ ಕಪ್ಪು ಇಲ್ಲವೇ ರಕ್ತ ಬೆರೆತ ಸಿಂಬಳ, ಕಣ್ಣು ನೋವು, ಒಂದು ಎರಡಾಗಿ ಕಾಣುವುದು. ಇವು ಇದ್ದರೆ ಒಂದು ದಿನವೂ ಕಾಯಬೇಡಿ.

ಭೀಮಾ ತೀರ
ಕೇಳಿದರೆ 'ಪವರಿನ ಸೂಜಿ' ಅಂತಾರೆ ಸರ್, ಅಷ್ಟೇ.

ಆಶಾ ಅಕ್ಕ
ಭೀಮಾ ತೀರ ಅಣ್ಣಾ, ನಿಮ್ಮನ್ನು ಮುಟ್ಟಿದವರು ಅವರೊಬ್ಬರೇ ಅಂದಿರಲ್ಲ, ನಾವು ಮನೆ ಮನೆ ತಿರುಗಿದ್ದು ಯಾರಿಗೂ ಕಾಣಲಿಲ್ಲವಾ? ಜ್ವರ ಇದೆಯಾ ಅಂತ ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೆಸರು ಬರೆದುಕೊಂಡರೆ ಆಂಬುಲೆನ್ಸ್ ಬಂದು ಎತ್ತಿಕೊಂಡು ಹೋಗುತ್ತದೆ ಅನ್ನುವ ಭಯ. ಕೆಲವರು ನಮಗೇ ಬೈದರು. ಕಳೆದ ಜುಲೈನಲ್ಲಿ ತಿಂಗಳಿಗೆ 12 ಸಾವಿರ ಕೊಡಿ ಅಂತ ಮುಷ್ಕರ ಮಾಡಿದೆವು. ಇರಲಿ, ಅದು ಬೇರೆ ಮಾತು.

ಆಳಂದ ರಸ್ತೆ ಅಕ್ಕಾ, ನಿಮ್ಮ ಓಣಿಗೆ ಹತ್ತಿರದ ನಗರ ಆರೋಗ್ಯ ಕೇಂದ್ರ ನೋಡಿದ್ದೀರಾ? ಪಟ್ಟಣದವರಿಗೆ ಅದು ನೆನಪೇ ಆಗುವುದಿಲ್ಲ. ಶುಗರ್, ಬಿಪಿ ನೋಡುತ್ತಾರೆ. ಮೆಟ್‌ಫಾರ್ಮಿನ್, ಆಮ್ಲೋಡಿಪಿನ್ ಅಂಥ ಗುಳಿಗೆ ಪುಕ್ಕಟೆ ಕೊಡುತ್ತಾರೆ. ಗಾಯಕ್ಕೆ ಡ್ರೆಸಿಂಗ್ ಮಾಡುತ್ತಾರೆ. ಲಸಿಕೆ ಪಾಳಿ ಇರುವ ಹೊತ್ತು ಬಿಟ್ಟು ಹೋಗಿ.

ಔಷಧಿ ಅಂಗಡಿ
ನನ್ನದು ಮೆಡಿಕಲ್ ಸ್ಟೋರ್. ಕಂಪೌಂಡರ್ ಕಾಕಾ ನಮ್ಮ ಗುಟ್ಟು ಬಿಟ್ಟುಕೊಟ್ಟರು, ಪರವಾಗಿಲ್ಲ. ಕಳೆದ ವರ್ಷ ಜ್ವರದ ಗುಳಿಗೆ ಕೊಂಡವರ ಹೆಸರು, ಫೋನ್ ನಂಬರ್ ಬರೆದುಕೊಂಡು ಇಲಾಖೆಗೆ ಕಳಿಸಬೇಕಿತ್ತು. ಜನ ಬೇರೆಯವರ ನಂಬರ್ ಕೊಡುತ್ತಿದ್ದರು. ಒಬ್ಬರಂತೂ ಮಾವನ ಮನೆಯ ನಂಬರ್ ಕೊಟ್ಟರು.

ಎಲ್ಲರಿಗೂ ಒಂದು ಕೆಲಸಕ್ಕೆ ಬರುವ ಮಾತು. ಕಳೆದ ವರ್ಷ ಮಾರ್ಚ್ 25ಕ್ಕೆ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದಿದೆ. ಡಾಕ್ಟರ್ ಫೋನಿನಲ್ಲಿ, ವಿಡಿಯೋದಲ್ಲಿ, ವಾಟ್ಸಾಪಿನಲ್ಲಿ ಕೂಡ ನೋಡಿ ಔಷಧಿ ಬರೆಯಬಹುದು. ಚೀಟಿಯ ಫೋಟೋ ತಂದರೆ ನಾವು ಕೊಡುತ್ತೇವೆ. ಆದರೆ ಅದರಲ್ಲಿ ಡಾಕ್ಟರ್ ಹೆಸರು, ನೋಂದಣಿ ಸಂಖ್ಯೆ, ಸಹಿ, ತಾರೀಕು ಇರಬೇಕು. ಬರೀ 'ಇದನ್ನು ಕೊಡಿ' ಅಂತ ಟೈಪ್ ಮಾಡಿದ ಮೆಸೇಜ್ ತಂದರೆ ನನಗೆ ತೊಂದರೆ. ನಶೆ ಬರುವ ಔಷಧಿ, ಕೆಲವು ನಿದ್ದೆ ಗುಳಿಗೆ ಫೋನಿನಲ್ಲಿ ಬರೆಯುವ ಹಾಗಿಲ್ಲ, ಅದಕ್ಕೆ ನಮ್ಮ ಜೊತೆ ಜಗಳ ಮಾಡಬೇಡಿ.

ಸಗರನಾಡು
ಇ-ಸಂಜೀವಿನಿ ಯಾರೂ ಹೇಳಲೇ ಇಲ್ಲವಲ್ಲ. ಸರ್ಕಾರದ್ದು, ಪುಕ್ಕಟೆ. ಮೊಬೈಲ್ ನಂಬರ್ ಹಾಕಿದರೆ ಒಟಿಪಿ ಬರುತ್ತದೆ, ಆಮೇಲೆ ಟೋಕನ್ ನಂಬರ್ ಬರುತ್ತದೆ. ಅದನ್ನು ಹಾಕಿ ಒಳಗೆ ಹೋದರೆ ಪಾಳಿ ಬಂದಾಗ ವಿಡಿಯೋದಲ್ಲಿ ಡಾಕ್ಟರ್. ಚೀಟಿ ಡೌನ್‌ಲೋಡ್ ಆಗುತ್ತದೆ, ಅದರ ಮೇಲೆ ನೋಂದಣಿ ಸಂಖ್ಯೆ ಇರುತ್ತದೆ. ಹಳೆ ರಿಪೋರ್ಟ್ ಫೋಟೋ ಕೂಡ ಹಾಕಬಹುದು. ನಮ್ಮ ಚಿಕ್ಕಮ್ಮನ ಥೈರಾಯ್ಡ್ ಗುಳಿಗೆ ಹೀಗೇ ಬರೆಸಿಕೊಂಡೆವು.

ತೊಂದರೆ ಏನೆಂದರೆ ನೆಟ್‌ವರ್ಕ್. ಚಿಕ್ಕಮ್ಮನ ಮನೆಯಲ್ಲಿ ಸಿಗ್ನಲ್ ಬರುವುದು ಮಾಳಿಗೆ ಮೇಲೆ ಮಾತ್ರ. ಮೇ ತಿಂಗಳ ಬಿಸಿಲಲ್ಲಿ ಕೊಡೆ ಹಿಡಿದುಕೊಂಡು ಕೂತು ಡಾಕ್ಟರ್ ಜೊತೆ ಮಾತಾಡಿದಳು.

ಜೋಳದ ರೊಟ್ಟಿ
ಬಿಸಿಲಿಗೆ ಬಿಪಿ ಏರಿ ಇನ್ನೊಂದು ಟೋಕನ್ ತೆಗೆಯಬೇಕಾಗಲಿಲ್ಲವಾ?

ಸಗರನಾಡು
ಡಾಕ್ಟರೇ ನಕ್ಕರಂತೆ, ಅಮ್ಮಾ ನೆರಳಿಗೆ ಹೋಗಿ ಅಂದರಂತೆ. ನೆರಳಿಗೆ ಹೋದಳು, ಕರೆ ಕಟ್ ಆಯಿತು.

ತೊಗರಿ ಕಣಜ
14410 ಆಪ್ತಮಿತ್ರಕ್ಕೆ ಫೋನ್ ಮಾಡಿದರೆ?

ಬಿದ್ರಿ ಕಲೆ
ಅದು ಕೊರೊನಾ ಲಕ್ಷಣ ಇರುವವರಿಗೆ. ಬೇರೆ ಆರೋಗ್ಯ ಸಲಹೆಗೆ 104. ಅವರೂ ಗಾಯ ನೋಡುವುದಿಲ್ಲ, ಎಲ್ಲಿಗೆ ಹೋಗಬೇಕು ಅಂತ ಹೇಳುತ್ತಾರೆ.

ಬಿಸಿಲೂರು
ಒಟಿಪಿ, ಟೋಕನ್, ವಿಡಿಯೋ, ಡೌನ್‌ಲೋಡ್. ಇದನ್ನೆಲ್ಲಾ ಮಾಡುವ ಮಗನೋ ಮಗಳೋ ಮನೆಯಲ್ಲಿ ಇದ್ದರೆ ಸರಿ. ನಮ್ಮ ಓಣಿಯ ಕೊನೆ ಮನೆಯಲ್ಲಿ ಮುದುಕ ಮುದುಕಿ ಇಬ್ಬರೇ. ಬಟನ್ ಫೋನ್. ಕಂಪೌಂಡರ್ ಕಾಕಾನ ನೋಟ್‌ಬುಕ್ಕಿನಲ್ಲಿ ಅವರ ಹೆಸರು ಮೂವತ್ತೈದನೆಯದಾದರೂ ಇರುತ್ತಿತ್ತು. ಈಗ ಪಟ್ಟಿಯಲ್ಲೇ ಇಲ್ಲ. ಡಾಕ್ಟರುಗಳನ್ನು ಬೈದದ್ದು ಜಾಸ್ತಿ ಅನಿಸಿದರೆ ಬಿಡಿ, ಈ ಮಾತನ್ನು ಮಾತ್ರ ಬಿಡುವುದಿಲ್ಲ.

ಡ್ಯೂಟಿ ರೂಮ್
ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಹಳೇ ಕಂಪೌಂಡರ್
ತಮ್ಮಾ, ಆ ಮುದುಕರ ಹಳೆ ಚೀಟಿ ತೆಗೆದುಕೊಂಡು ನೀನೇ ಹೋಗು. ಗುಳಿಗೆ ಬದಲಾಯಿಸುವುದಿದ್ದರೆ ಮಾತ್ರ ಅವರು ಬರಬೇಕು. ಮುಂಜಾನೆ ಆರರಿಂದ ಹತ್ತರವರೆಗೆ ಹೇಗೂ ಸಂತೆ ಬಿಟ್ಟಿರುತ್ತಾರೆ, ಕಾಯಿಪಲ್ಯೆ ತರುವಾಗ ಆಗುವ ಕೆಲಸ ಅದು.

ಬಿಸಿಲೂರು
ತಂದುಕೊಡುತ್ತಿದ್ದೇನೆ ಕಾಕಾ. ಎಲ್ಲಾ ಓಣಿಯಲ್ಲೂ ನಾನಿರುವುದಿಲ್ಲವಲ್ಲ.

ಆಳಂದ ರಸ್ತೆ (ಮೇ 27, 2021)
ಎಲ್ಲರಿಗೂ ಧನ್ಯವಾದ. ಕಂಪೌಂಡರ್ ಕಾಕಾ ಹೇಳಿದ ಹಾಗೆ ಮೆಡಿಕಲ್ ಅಂಗಡಿಗೆ ಹೋದೆ. ಡಾಕ್ಟರಿಗೇ ಕೊರೊನಾ ಆಗಿ ಮನೆಯಲ್ಲಿದ್ದಾರಂತೆ. ಅಂಗಡಿಯವರು ಅವರ ಹೆಂಡತಿಗೆ ಫೋನ್ ಮಾಡಿಕೊಟ್ಟರು. ಆಮೇಲೆ ಡಾಕ್ಟರೇ ಮಾತಾಡಿದರು, ಮಾತಾಡುವಾಗಲೂ ಕೆಮ್ಮುತ್ತಿದ್ದರು. ಗಾಯದ ಫೋಟೋ ತರಿಸಿಕೊಂಡು, ಇದನ್ನು ಸರ್ಜನ್ ನೋಡಬೇಕು ಅಂತ ಚೀಟಿ ಬರೆದು ಕಳಿಸಿದರು. ಆ ಚೀಟಿ ಹಿಡಿದು ಇನ್ನೊಂದು ದವಾಖಾನೆಗೆ ಹೋದರೆ ಗೇಟಿನಲ್ಲೇ ರ‍್ಯಾಪಿಡ್ ಟೆಸ್ಟ್ ಮಾಡಿದರು, ಅರ್ಧ ತಾಸಿನಲ್ಲಿ ನೆಗೆಟಿವ್ ಅಂತ ಬಂತು, ಒಳಗೆ ಬಿಟ್ಟರು. ಕೀವು ತೆಗೆದು ಡ್ರೆಸಿಂಗ್ ಮಾಡಿದ್ದಾರೆ. ಇನ್ಸುಲಿನ್ ಶುರುಮಾಡಿದ್ದಾರೆ. ದಿನ ಬಿಟ್ಟು ದಿನ ಡ್ರೆಸಿಂಗ್ ಅಂತೆ. ಅದನ್ನು ನಗರ ಆರೋಗ್ಯ ಕೇಂದ್ರದಲ್ಲೇ ಮಾಡಿಸುತ್ತೇವೆ, ಆಶಾ ಅಕ್ಕಾ.

ಡ್ಯೂಟಿ ರೂಮ್
ಒಳ್ಳೆಯದಾಯಿತು. ಇನ್ನೊಂದು ಕಾಲನ್ನೂ ದಿನಾ ನೋಡಿ. ಬೆರಳ ಸಂದಿ, ಹಿಮ್ಮಡಿ. ಆ ಹಳೆ ಚಪ್ಪಲಿ ಎಸೆಯಿರಿ.

ಔಷಧಿ ಅಂಗಡಿ
ಇನ್ಸುಲಿನ್ ಫ್ರಿಜ್ಜಿನ ಬಾಗಿಲಲ್ಲಿ ಇಡಿ, ಫ್ರೀಜರಿನಲ್ಲಿ ಅಲ್ಲ. ಕರೆಂಟ್ ಹೋದರೆ ನೀರಿನ ಮಡಕೆ ಪಕ್ಕ ತಂಪಿನಲ್ಲಿ ಇಟ್ಟರೂ ನಡೆಯುತ್ತದೆ, ಬಿಸಿಲಿಗೆ ಮಾತ್ರ ಇಡಬೇಡಿ.

ಬಿಸಿಲೂರು
ಸ್ವಿಚ್ ಆಫ್ ಮಾಡಿಕೊಂಡ ಡಾಕ್ಟರಿಗೆ ಕೊರೊನಾ ಆಗಿತ್ತಾ. ಬೇಗ ಹುಷಾರಾಗಲಿ. ಬಾಗಿಲ ಮೇಲೆ ಒಂದು ಕಾಗದ ಅಂಟಿಸಿದ್ದರೆ ಅಕ್ಕ ಇಷ್ಟು ಅಲೆಯುತ್ತಿರಲಿಲ್ಲ ಅನ್ನುವುದು ಮಾತ್ರ ಈಗಲೂ ನನ್ನ ಮಾತು.

ಹಳೇ ಕಂಪೌಂಡರ್
ಕಾಗದ ಅಂಟಿಸಿದರೆ ಓಣಿಯವರು ಆ ದಾರಿಯಲ್ಲಿ ಓಡಾಡುವುದನ್ನೇ ಬಿಡುತ್ತಾರೆ ತಮ್ಮಾ. ಮನೆಗೆ ಹಾಲು ಹಾಕುವವನೂ ಬರುವುದಿಲ್ಲ.

ಹುಮನಾಬಾದ್ ಹುಡುಗಿ
ಇದೇ ಎಳೆಯಲ್ಲಿ ಕೇಳುತ್ತೇನೆ, ಕ್ಷಮಿಸಿ. ಮಗಳಿಗೆ ಹತ್ತು ತಿಂಗಳು. ಒಂಬತ್ತಕ್ಕೆ ಹಾಕಿಸುವ ದಡಾರದ ಲಸಿಕೆ ಉಳಿದಿದೆ. ಮಕ್ಕಳ ಡಾಕ್ಟರ್ ಈಗ ಯಾರನ್ನೂ ನೋಡುತ್ತಿಲ್ಲ. ತಡ ಆದರೆ ಮೊದಲಿನಿಂದ ಎಲ್ಲಾ ಹಾಕಿಸಬೇಕಾ?

ಆಶಾ ಅಕ್ಕ
ಬೇಡ ತಂಗಿ. ಉಳಿದದ್ದು ಮಾತ್ರ ಹಾಕುತ್ತಾರೆ. ದಡಾರ ರುಬೆಲ್ಲಾ ಲಸಿಕೆ ಒಂಬತ್ತು ತುಂಬಿದ ಮೇಲೆ ಯಾವಾಗ ಬಂದರೂ ಹಾಕುತ್ತಾರೆ, ಆದರೆ ಇನ್ನೂ ತಡ ಮಾಡಬೇಡ. ಮಕ್ಕಳ ಲಸಿಕೆ ಗುರುವಾರ. ಇವತ್ತೇ ಗುರುವಾರ. ನಿಮ್ಮ ಓಣಿಯ ಆಶಾ ಅಥವಾ ಆರೋಗ್ಯ ಕೇಂದ್ರದ ನರ್ಸ್ ಎಎನ್‌ಎಂಗೆ ಈಗಲೇ ಫೋನ್ ಮಾಡಿ ಎಲ್ಲಿ ಹಾಕುತ್ತಿದ್ದಾರೆ ಅಂತ ಕೇಳು. ಕೊರೊನಾ ಲಸಿಕೆ ಪಾಳಿ ಬೇರೆ, ಇದು ಬೇರೆ, ಅಲ್ಲಿ ಹೋಗಿ ನಿಲ್ಲಬೇಡ. ತಾಯಿ ಕಾರ್ಡ್ ತೆಗೆದುಕೊಂಡು ಹೋಗು.

ಹುಮನಾಬಾದ್ ಹುಡುಗಿ
ಕಾರ್ಡ್ ತವರುಮನೆಯಲ್ಲಿದೆ ಅಕ್ಕಾ, ಭಾಲ್ಕಿಯಲ್ಲಿ. ಬಸ್ ಇಲ್ಲ.

ಆಶಾ ಅಕ್ಕ
ಫೋಟೋ ಹೊಡೆದು ವಾಟ್ಸಾಪ್ ಮಾಡಲಿ. ಹಾಕಿದ ತಾರೀಕು ಕಾಣಬೇಕು ಅಷ್ಟೇ.